ಹಸಿ ಮೈಯ ನೀರಡಿಕೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತಂಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದದ್ದು ಹೋಳಿ ಹುಣ್ಣಿಮೆಗೆ ಮುಂಚೆ ಎಂದು ನಾನು, ಆಮೇಲೆ ಎಂದು ಅವ್ವ. ಕೂಸು ಹುಟ್ಟಿದ ವಾರದ ಬಗ್ಗೆ ನನ್ನ ದಿನಚರಿಯಲ್ಲಿ ಏಳು ಪುಟಗಳಿವೆ. ಅವುಗಳಲ್ಲಿ ನಾಲ್ಕು ಪುಟ ಕಾಲೇಜಿನ ಪರೀಕ್ಷಾ ಮೇಲ್ವಿಚಾರಣೆ, ಒಬ್ಬ ಸಹೋದ್ಯೋಗಿಯ ಜೊತೆ ಆದ ಸಣ್ಣ ಮನಸ್ತಾಪ, ಕಿತ್ತೂರಿನ ಬಾಡಿಗೆ ಕೋಣೆಯ ಸೋರುವ ನಲ್ಲಿ ಇವುಗಳಿಗೇ ಹೋಗಿವೆ. ಮನೆಯಲ್ಲಿ ಒಬ್ಬಳು ದಿನದಿಂದ ದಿನಕ್ಕೆ ಒಣಗುತ್ತಿದ್ದಾಗ ನಾನು ಬರೆದದ್ದು ಇದನ್ನು. ಹಾಗಾಗಿ ದಿನಚರಿಯನ್ನು ಪೂರ್ತಿ ನಂಬಲಾರೆ, ನೆನಪನ್ನಂತೂ ಅದಕ್ಕಿಂತ ಕಡಿಮೆ ನಂಬುತ್ತೇನೆ.

ನಾನು ಇತಿಹಾಸ ಓದಿ, ಇತಿಹಾಸ ಕಲಿಸುವವಳು. ಅವ್ವ, ಅಪ್ಪ ಸಂಪಗಾಂವದಲ್ಲಿರುತ್ತಾರೆ. ಶನಿವಾರ ಸಂಜೆ ಕಿತ್ತೂರಿನಿಂದ ಬಸ್ಸು ಹಿಡಿದು ಮನೆಗೆ ಹೋಗುವುದು, ಸೋಮವಾರ ಬೆಳಿಗ್ಗೆ ಹಿಂತಿರುಗುವುದು ನನ್ನ ರೂಢಿ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅವಳನ್ನು ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಕೊಟ್ಟಿದೆ. ಗಂಡನ ಮನೆಯವರು ಒಕ್ಕಲುತನದವರು, ಒಳ್ಳೆಯ ಜನ.

ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿಸಿ ಅವಳನ್ನು ಕರೆತರಲು ಅವ್ವನೂ ನಾನೂ ಹೋಗಿದ್ದೆವು. ಹೊರಡುವಾಗ ಅವಳ ಅತ್ತೆ ಎರಡು ಲೀಟರಿನ ಎರಡು ಬಾಟಲಿ ತುಂಬಿಸಿ ಚೀಲಕ್ಕೆ ಹಾಕಿದರು. ಇತ್ತೀಚೆಗೆ ಈಕೆ ಒಂದು ಕೊಡ ನೀರನ್ನು ಒಬ್ಬಳೇ ಮುಗಿಸುತ್ತಾಳೆ, ಗಳಿಗೆಗೊಮ್ಮೆ ಹೊರಗೆ ಹೋಗುತ್ತಾಳೆ ಎಂದು ನಗುತ್ತಲೇ ಹೇಳಿದರು. ಬಸ್ಸು ರಾಮದುರ್ಗ ಬಿಟ್ಟು ಸವದತ್ತಿ ಮುಟ್ಟುವುದರೊಳಗೆ ಎರಡೂ ಬಾಟಲಿ ಖಾಲಿಯಾದವು. ದಾರಿಯಲ್ಲಿ ಎರಡು ಸಲ ಬಸ್ಸು ನಿಲ್ಲಿಸಬೇಕಾಯಿತು. ಎರಡನೆಯ ಸಲ ಜಾಲಿಗಿಡದ ಮರೆಯಿಂದ ಅವಳು ಬರುವಷ್ಟರಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾರ, ನವಿಲುತೀರ್ಥದ ಡ್ಯಾಮ್ ಹೊಟ್ಟ್ಯಾಗ ಇಟ್ಕೊಂಡ ಹೊಂಟೀರೇನ್ರಿ?"

"ನಿನ್ನ ಹೇಂತಿ ಬಸರಾದಾಗ ಇದ ಮಾತ ಆಕಿಗೆ ಹೇಳಪಾ," ಎಂದಳು ಅವ್ವ. "ಆಮ್ಯಾಲ ಊಟ ಯಾರ ಹಾಕ್ತಾರ ನೋಡೂಣು."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಕೂಡ ನಕ್ಕ. ಸವದತ್ತಿಯ ನಿಲ್ದಾಣದಲ್ಲಿ ನಾನು ಬಾಟಲಿ ತುಂಬಿಸಿ ತಂದೆ. ತಂಗಿ ಅದನ್ನು ಉಸಿರು ಬಿಡದೆ ಅರ್ಧಕ್ಕಿಳಿಸಿದಳು. ಕುಡಿಯುವಾಗ ಅವಳ ಕಣ್ಣು ಮುಚ್ಚಿದ್ದವು. ಇದು ನನಗೆ ನಿಜವಾಗಿಯೂ ನೆನಪಿದೆಯೋ, ಆಮೇಲೆ ಆದದ್ದನ್ನು ತಿಳಿದುಕೊಂಡು ಹಿಂದಕ್ಕೆ ಸೇರಿಸಿದ್ದೋ ಹೇಳಲಾರೆ.

ಬೈಲಹೊಂಗಲದಲ್ಲಿ ತೋರಿಸಿದೆವು. ಇಷ್ಟು ನೀರಡಿಕೆ ಎಂದ ಕೂಡಲೇ ಡಾಕ್ಟರಿಗೆ ಸಕ್ಕರೆ ಕಾಯಿಲೆಯ ಸಂಶಯ ಬಂತು. ರಕ್ತ ತೆಗೆದರು, ಮರುದಿನ ಬರಹೇಳಿದರು. ಸಕ್ಕರೆ ಇಲ್ಲ. ಅವ್ವನಿಗೆ ಆದ ಸಂತೋಷ ಎಷ್ಟೆಂದರೆ, ದಾರಿಯ ಗಾಣದಲ್ಲಿ ಕಬ್ಬಿನ ಹಾಲು ಕುಡಿಸಿದಳು. ತಂಗಿ ಮೂರು ಗ್ಲಾಸು ಕುಡಿದಳು. ಆಮೇಲೆ ಆ ನೀರಡಿಕೆಯ ಬಗ್ಗೆ ನಮ್ಮಲ್ಲಿ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹೊಟ್ಟೆಯಲ್ಲಿರುವ ಕೂಸು ಕೇಳುತ್ತದೆ, ತಾಯಿ ಕುಡಿಯುತ್ತಾಳೆ ಎಂದುಕೊಂಡೆವು. ಸಕ್ಕರೆ ಇಲ್ಲದ ನೀರಡಿಕೆಗೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಹೆಸರಿಲ್ಲದ್ದು ಕಾಯಿಲೆ ಹೇಗಾದೀತು?

ಎರಡು ತಿಂಗಳು ಹಾಗೇ ಹೋಯಿತು. ಅವಳ ಹಾಸಿಗೆಯ ಪಕ್ಕದಲ್ಲಿ ಯಾವಾಗಲೂ ಒಂದು ಕೊಡ ಇರುತ್ತಿತ್ತು. ಕುಡಿದಳು, ಹೋದಳು, ಮತ್ತೆ ಕುಡಿದಳು. ಈಗ ತಿಳಿಯುತ್ತದೆ, ಆ ಎರಡು ತಿಂಗಳು ಅವಳನ್ನು ಕಾಯ್ದದ್ದು ಆ ಕೊಡವೇ.

ಒಂದು ಸೋಮವಾರ ಬೈಲಹೊಂಗಲದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ತೊಂದರೆಯಿಲ್ಲದ ಹೆರಿಗೆ. ಗುರುವಾರ ಬಾಣಂತಿ ಮನೆಗೆ ಬಂದಳು. ಬಂದ ಕೂಡಲೇ ಅವ್ವ ಆ ಕೊಡವನ್ನು ಎತ್ತಿ ಅಡುಗೆಮನೆಗೆ ಒಯ್ದಳು.

ಬಾಣಂತಿಗೆ ನೀರು ಕೊಡಬಾರದು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಯಾರೂ ಕೂಡಿಸಿ ಕಲಿಸುವುದಿಲ್ಲ; ಒಲೆ ಹಚ್ಚುವುದನ್ನು ಕಲಿತ ಹಾಗೆ ಇದನ್ನೂ ಕಲಿತಿರುತ್ತಾರೆ. ಹೆತ್ತವಳದ್ದು ಹಸಿ ಮೈ. ಹಸಿ ಮೈಯೊಳಗೆ ನೀರು ಇಳಿದರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ, ಹಾಲು ಕುಡಿದ ಕೂಸಿಗೆ ನೆಗಡಿ ಹತ್ತುತ್ತದೆ, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸನ್ನಿ ಬರುತ್ತದೆ. ಬಾಣಂತಿ ಸನ್ನಿ ಬಂದವಳು ಹುಚ್ಚುಹುಚ್ಚಾಗಿ ಮಾತಾಡುತ್ತಾಳೆ, ಕೂಸಿನ ಗುರುತು ಮರೆಯುತ್ತಾಳೆ, ಉಳಿಯುವುದು ಕಷ್ಟ. ಆದ್ದರಿಂದ ಅಜವಾನ ಹಾಕಿ ಕುದಿಸಿದ ನೀರನ್ನು ಉಂಡ ಮೇಲೆ ಒಂದು ಸಣ್ಣ ಬಟ್ಟಲು, ಅಷ್ಟೇ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿವಿಗೆ ಬಿಗಿದ ಬಟ್ಟೆ, ತುಪ್ಪ ಸುರಿದ ಬಿಸಿ ಅನ್ನ, ಬೆಳ್ಳುಳ್ಳಿ, ಅಂಟಿನ ಉಂಡಿ. ಇವೆಲ್ಲವನ್ನೂ ಅವ್ವ ಎಷ್ಟು ಅಕ್ಕರೆಯಿಂದ ಮಾಡಿದಳೆಂದರೆ, ನೀರಿನ ಬಟ್ಟಲೂ ಆ ಅಕ್ಕರೆಯ ಭಾಗವೇ ಆಗಿತ್ತು. ಹೊರಗೆ ಬಿಸಿಲು ಏರುತ್ತಿದ್ದ ಕಾಲ ಅದು.

ಇನ್ನೊಂದು ಕಾರಣವೂ ಅವಳಿಗಿತ್ತು. ತಂಗಿ ಗಳಿಗೆಗೊಮ್ಮೆ ಎದ್ದು ಬಚ್ಚಲಿಗೆ ಹೋಗುತ್ತಿದ್ದಳು. ಹೆತ್ತು ನಾಲ್ಕು ದಿನವಾದವಳು ಹೀಗೆ ಏಳಬಾರದು. ಕುಡಿಯುವುದು ನಿಂತರೆ ಹೋಗುವುದೂ ನಿಲ್ಲುತ್ತದೆ ಎಂದು ಅವ್ವ ಲೆಕ್ಕ ಹಾಕಿದ್ದಳು. ಲೆಕ್ಕ ತಪ್ಪಲ್ಲ. ನಿಮಗೂ ನನಗೂ ಅದು ಸರಿಯಾಗಿಯೇ ಹೊಂದುತ್ತದೆ.

ಶನಿವಾರ ಸಂಜೆ ನಾನು ಹೋದಾಗ ತಂಗಿಯ ತುಟಿ ಸಿಪ್ಪೆ ಎದ್ದಿದ್ದವು. ಕೂಸನ್ನು ನನ್ನ ಕೈಗೆ ಕೊಟ್ಟ ಕೂಡಲೇ ಅವಳು ಕೇಳಿದ್ದು ನೀರು.

"ಅಕ್ಕಾ, ಒಂದ ಚರಗಿ ತಂದ ಕೊಡ. ಅವ್ವಗ ಹೇಳಬ್ಯಾಡ. ನನ್ನ ನಾಲಿಗಿ ಬಾಯಾಗ ಹೊಳ್ಳವಲ್ದು."

ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಅವ್ವ ಹಿತ್ತಲಿಗೆ ಹೋಗುವುದನ್ನೇ ಕಾದು, ಅರ್ಧ ಚರಗಿ ನೀರು ತಂದು ಕೊಡುತ್ತೇನೆ. ಚರಗಿಯ ತಣ್ಣನೆಯ ಅಂಚು, ಅವಳ ಗಂಟಲಿನ ಸಪ್ಪಳ, ಎಲ್ಲವೂ ಇವೆ. ಇನ್ನೊಂದರಲ್ಲಿ, ಅವ್ವ ಅನುಭವಸ್ಥಳು, ಒಂದೆರಡು ವಾರ ತಡೆದುಕೋ ಎಂದು ಹೇಳಿ ಕೂಸಿನ ಕಡೆ ತಿರುಗುತ್ತೇನೆ. ಮೊದಲನೆಯದು ಬಹಳ ಸ್ಪಷ್ಟವಾಗಿದೆ. ಅದಕ್ಕೇ ನನಗೆ ಅದರ ಮೇಲೆ ಸಂಶಯ. ಆ ದಿನದ ಪುಟದಲ್ಲಿರುವುದು ಇಷ್ಟು: "ತಂಗಿ ನೀರಿಗಾಗಿ ಹಟ ಮಾಡುತ್ತಿದ್ದಾಳೆ. ಅವ್ವನಿಗೆ ಸಾಕಾಗಿದೆ." ಹಟ ಎಂಬ ಶಬ್ದ ನನ್ನದೇ. ಅಕ್ಷರವೂ ನನ್ನದೇ.

ಭಾನುವಾರ ಬೆಳಿಗ್ಗೆ ಆದದ್ದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಬಾಣಂತಿಗೂ ಕೂಸಿಗೂ ಎರೆಯಲು ನಮ್ಮ ಓಣಿಯ ಒಬ್ಬ ಮುದುಕಿ ಬರುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಊರಿನ ಅರ್ಧ ಮಕ್ಕಳ ಮೂಗು, ತಲೆ ತಿದ್ದಿದವಳು ತಾನೇ ಎಂದು ಹೇಳಿಕೊಳ್ಳುವಾಕೆ. ನಾನು ಒಣಗಿದ ಟವೆಲ್ ಕೊಡಲು ಬಚ್ಚಲಿಗೆ ಹೋದೆ. ಹೊಗೆ, ಹಬೆ ತುಂಬಿತ್ತು. ತಂಗಿ ಮಣೆಯ ಮೇಲೆ ಕೂತು, ಹಂಡೆಯೊಳಗಿನ ಸ್ನಾನದ ನೀರನ್ನು ತಂಬಿಗೆಯಲ್ಲಿ ತೋಡಿ ಕುಡಿಯುತ್ತಿದ್ದಳು. ಬಿಸಿ ನೀರು. ಒಂದು ತಂಬಿಗೆ ಮುಗಿಸಿ ಇನ್ನೊಂದು ತೋಡಿದಳು. ಆಯಿ ಅವಳ ಕಡೆ ಬೆನ್ನು ಮಾಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ತಿಕ್ಕತೊಡಗಿದಳು. ಅವಳು ಬೇಕೆಂದೇ ಬೆನ್ನು ಮಾಡಿ ಕೂತಿದ್ದಳೆಂದು ಆಗ ನನಗೆ ಹೊಳೆಯಲಿಲ್ಲ.

ನಾನು ನೇರ ಹೋಗಿ ಅವ್ವನಿಗೆ ಹೇಳಿದೆ.

ಯಾಕೆ ಹೇಳಿದೆ? ಹಂಡೆಯ ನೀರು ಹೊಲಸು, ಹೆತ್ತ ಮೈಗೆ ಸೋಂಕು ತಗಲುತ್ತದೆ ಎಂದು ಹೇಳಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಹೆದರಿದ್ದೆ ಎನ್ನುವುದೇ ನಿಜವಿರಬೇಕು. ಮನುಷ್ಯರು ಸ್ನಾನದ ನೀರು ಕುಡಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವ್ವನ ಮುಖ ಬಿಳುಚಿತು. ಅವಳು ಆಯಿಯನ್ನು ಬೈದಳು, ಮರುದಿನದಿಂದ ಎರೆಯುವಾಗ ಬಚ್ಚಲಲ್ಲಿ ತಾನೇ ನಿಂತಳು. ಹೀಗೆ ನನ್ನ ತಂಗಿಗೆ ಉಳಿದಿದ್ದ ಒಂದೇ ಒಂದು ದಾರಿಯನ್ನು ವಿಶ್ವವಿದ್ಯಾಲಯದಲ್ಲಿ ಓದಿದ ನಾನು ಮುಚ್ಚಿಸಿ, ಸೋಮವಾರ ಬೆಳಿಗ್ಗೆ ಕಿತ್ತೂರಿಗೆ ಹೋದೆ.

ಮಂಗಳವಾರ ಹತ್ತು ಗಂಟೆಯ ಸುಮಾರಿಗೆ ಅಪ್ಪನ ಫೋನು ಬಂತು. ತಂಗಿಗೆ ಮೈ ಕಾವೇರಿದೆ, ಎಬ್ಬಿಸಿದರೆ ಏಳುತ್ತಿಲ್ಲ, ಎದ್ದರೆ ಏನೇನೋ ಮಾತಾಡುತ್ತಾಳೆ ಎಂದರು. ನಾನು ಮನೆ ಮುಟ್ಟುವಾಗ ಮಧ್ಯಾಹ್ನ. ತಂಗಿ ಕಣ್ಣು ತೆರೆದಿದ್ದಳು. ಕೂಸನ್ನು ಹತ್ತಿರ ಒಯ್ದರೆ, ಇದು ಯಾರದು, ಅವರ ಮನೆಗೆ ಕೊಟ್ಟು ಬಾ ಎಂದಳು. ಅವ್ವ ಮೂಲೆಯಲ್ಲಿ ಕುಳಿತು ಸವದತ್ತಿಯ ದೇವಿಗೆ ಹರಕೆ ಹೊರುತ್ತಿದ್ದಳು. ಸನ್ನಿಯೇ ಬಂದಿತು, ಹಂಡೆಯ ನೀರು ಕುಡಿದದ್ದಕ್ಕೇ ಬಂದಿತು ಎಂದು ಅವಳಿಗೆ ಖಾತ್ರಿಯಾಗಿತ್ತು. ಬೆಳಗಿನಿಂದ ಆ ಸಣ್ಣ ಬಟ್ಟಲನ್ನೂ ಬಂದ್ ಮಾಡಿದ್ದಳು.

ನೀರು ಕೊಡದಿದ್ದದ್ದರಿಂದ ಆದದ್ದು, ನೀರು ಕೊಟ್ಟರೆ ಏನಾಗುತ್ತದೆಂದು ಹೆದರಿದ್ದೆವೋ ಥೇಟ್ ಅದರಂತೆಯೇ ಕಾಣುತ್ತಿತ್ತು. ಇದಕ್ಕಿಂತ ಕೆಟ್ಟ ಸುಳಿಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆಯಿ ಕೂಸಿಗೆ ಎರೆದು ಮುಗಿಸಿ ಒಳಗೆ ಬಂದಳು. ಬೈಸಿಕೊಂಡ ಮೇಲೂ ಕೆಲಸ ಬಿಟ್ಟಿರಲಿಲ್ಲ. ತಂಗಿಯ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಅದು ಎತ್ತಿದ ಹಾಗೇ ನಿಂತಿತು, ನಿಧಾನವಾಗಿ ಇಳಿಯಿತು. ಆಮೇಲೆ ಅವ್ವನ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ನೋಡ್ರಿ ಅವ್ವಾರ, ಬೈಯೂದಿದ್ರ ಇನ್ನೊಮ್ಮಿ ಬೈರಿ. ಗುರುವಾರದಿಂದ ದಿನಾ ಈಕಿ ಹಂಡೇದಾಗಿನ ನೀರ ಕುಡದಾಳ, ನಾ ನೋಡೀನೂ ನೋಡಧಂಗ ಕುಂತೇನಿ. ಕುಡದ ನಾಕ ದಿನ ನೆಟ್ಟಗಿದ್ಲು. ನೀವು ಕಾವಲ ನಿಂತ ಎರಡ ದಿನಕ್ಕ ಹಿಂಗಾದ್ಲು. ಇದು ಸನ್ನಿ ಅಲ್ರಿ. ನಿಮ್ಮ ಮಗಳ ಮೈ ಒಣಗೇತಿ."

ಆಯಿ ಇನ್ನೊಂದು ಮಾತು ಹೇಳಿದಳು. ಇಷ್ಟು ಒಣಗಿದವಳು ಈಗಲೂ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ, ಆ ಬಟ್ಟೆಗೆ ವಾಸನೆಯಿಲ್ಲ, ಬಣ್ಣವಿಲ್ಲ, ಬರೀ ನೀರು. ಇಷ್ಟು ವರ್ಷದಲ್ಲಿ ತಾನು ಇಂಥದ್ದನ್ನು ಕಂಡಿಲ್ಲ, ಡಾಕ್ಟರಿಗೆ ಇದನ್ನು ಹೇಳಲೇಬೇಕು ಎಂದಳು. ಹೇಳಿ, ತಾನೇ ಚಮಚೆಯಿಂದ ತಂಗಿಯ ಬಾಯಿಗೆ ನೀರು ಬಿಡತೊಡಗಿದಳು. ಅವ್ವ ತಡೆಯಲಿಲ್ಲ. ಅಪ್ಪ ಗಾಡಿ ತರಲು ಹೋದರು.

ಬೈಲಹೊಂಗಲದ ಡಾಕ್ಟರಿಗೆ ಅದನ್ನು ಹೇಳಿದ್ದು ಅವ್ವನೇ, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು. ನೀರು ಬಿಡಿಸಿದರೂ ಅದು ನಿಂತಿಲ್ಲ ಎಂದಳು. ಡಾಕ್ಟರು ಮೂತ್ರಕ್ಕೆ ನಳಿಕೆ, ಚೀಲ ಹಾಕಿಸಿದರು. ನಮ್ಮ ಕಣ್ಣೆದುರಿಗೇ ಚೀಲ ತುಂಬತೊಡಗಿತು, ಬಾವಿಯ ನೀರಿನಷ್ಟು ತಿಳಿಯಾಗಿ. ಅವರು ಅದನ್ನು ಬಹಳ ಹೊತ್ತು ನೋಡಿದರು. ರಕ್ತದಲ್ಲಿ ಉಪ್ಪಿನ ಅಂಶ ವಿಪರೀತ ಏರಿತ್ತು. ಸಲಾಯಿನ್ ಹಚ್ಚಿ, ಚೀಟಿ ಬರೆದು, ತಡ ಮಾಡದೆ ಬೆಳಗಾವಿಗೆ ಒಯ್ಯಿರಿ ಎಂದರು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನಮಗೆ ವಿಷಯ ಬಿಡಿಸಿ ಹೇಳಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್‌ಬಾಯಿ. ನನಗೆ ಹೇಳಲು ಶುರು ಮಾಡಿ, ನಾನು ತಲೆಯಾಡಿಸುವುದನ್ನು ನೋಡಿ, ಅವ್ವನ ಕಡೆ ತಿರುಗಿ ಮೊದಲಿನಿಂದ ಹೇಳಿದರು. ಯಾರಿಗೆ ಹೇಳಬೇಕೆಂದು ಅವರಿಗೆ ತಿಳಿದಿತ್ತು.

ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮೂತ್ರಪಿಂಡಗಳು ದಿನಕ್ಕೆ ಕೊಡಗಟ್ಟಲೆ ನೀರನ್ನು ರಕ್ತದಿಂದ ಸೋಸುತ್ತವೆ, ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೇ ಕೊಡುತ್ತವೆ. ಕೊನೆಗೆ ಎಷ್ಟನ್ನು ಹೊರಗೆ ಬಿಡಬೇಕು, ಎಷ್ಟನ್ನು ಉಳಿಸಬೇಕು ಎನ್ನುವುದನ್ನು ಅವು ತಾವೇ ನಿರ್ಧರಿಸುವುದಿಲ್ಲ. ರಕ್ತ ಉಪ್ಪಾದರೆ ಮೊದಲು ತಿಳಿಯುವುದು ಮಿದುಳಿಗೆ. ಮಿದುಳಿನ ಬುಡದಲ್ಲಿ ಒಂದು ಸಣ್ಣ ಗ್ರಂಥಿಯಿದೆ. ಅಲ್ಲಿಂದ ಒಂದು ಹಾರ್ಮೋನು ರಕ್ತದಲ್ಲಿ ಇಳಿದು ಬಂದು, ನೀರು ಹಿಡಿದಿಡು ಎಂದು ಮೂತ್ರಪಿಂಡಕ್ಕೆ ಹೇಳುತ್ತದೆ. ಬಿಸಿಲಲ್ಲಿ ದುಡಿದ ದಿನ ನಮ್ಮ ಮೂತ್ರ ಹಳದಿಯಾಗುವುದು, ಕಡಿಮೆಯಾಗುವುದು ಇದರಿಂದಲೇ. ಕೂಸಿನ ಜೊತೆ ಹೊರಬರುವ ಮಾಸು, ಬಸುರಿನಲ್ಲಿ ಈ ಹಾರ್ಮೋನನ್ನು ಒಡೆಯುವ ಒಂದು ವಸ್ತುವನ್ನು ತಯಾರಿಸುತ್ತದೆ. ಎಲ್ಲ ಬಸುರಿಯರಲ್ಲೂ ಸ್ವಲ್ಪ ಇರುತ್ತದೆ. ಅಪರೂಪಕ್ಕೆ ಒಬ್ಬಳಲ್ಲಿ ಅದು ಅತಿಯಾಗುತ್ತದೆ. ಆಗ ಹಾರ್ಮೋನು ದಾರಿಯಲ್ಲೇ ಒಡೆದುಹೋಗುತ್ತದೆ. ಮೂತ್ರಪಿಂಡಕ್ಕೆ ಮಾತು ಮುಟ್ಟುವುದೇ ಇಲ್ಲ. ಹೆರಿಗೆಯಾಗಿ ಮಾಸು ಬಿದ್ದರೂ ಆ ವಸ್ತುವಿನ ಪರಿಣಾಮ ಹೋಗಲು ಕೆಲವು ದಿನ, ಕೆಲವು ವಾರ ಬೇಕು.

ಅವ್ವ ಅದನ್ನು ತನ್ನ ಮಾತಿನಲ್ಲಿ ಹೇಳಿ ನೋಡಿದಳು.

"ಅಂದ್ರ ಕಾಲುವಿ ಗೇಟ ಕಾಯಾಂವಗ ಗೇಟ ಇಳಸು ಅಂತ ಮ್ಯಾಲಿಂದ ಹೇಳಿ ಕಳಿಸ್ಯಾರ. ಹೇಳಾಕ ಬಂದಾಂವನ್ನ ಯಾರೋ ನಡು ದಾರ್‍ಯಾಗ ಹಿಡದ ಬಡದಾರ. ಗೇಟ ತೆರದ ಉಳದೈತಿ."

"ಹೌದ್ರಿ ಅವ್ವಾರ. ಅಷ್ಟ ಅದು," ಎಂದರು ಡಾಕ್ಟರ್‌ಬಾಯಿ.

"ಮತ್ತ ನಾ ಮ್ಯಾಲಿಂದ ನೀರ ಬಿಡೂದೂ ನಿಲ್ಲಿಸಿದ್ನೆಲ್ರಿ."

ಡಾಕ್ಟರ್‌ಬಾಯಿ ಅವ್ವನ ಕೈಗೆ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಗ್ಗು ಕೊಟ್ಟು, ಒಳಗೆ ಹೋದ ನೀರು, ಹೊರಗೆ ಬಂದ ನೀರು ಎರಡನ್ನೂ ಅಳೆದು ನರ್ಸಿಗೆ ಹೇಳಬೇಕೆಂದರು. ಒಣಗಿದ ಮೈಗೆ ನೀರನ್ನು ಒಮ್ಮೆಲೇ ಸುರಿಯುವಂತಿಲ್ಲ, ಮಿದುಳು ಬಾತುಕೊಳ್ಳುತ್ತದೆ, ನಿಧಾನವಾಗಿ ಕೊಡಬೇಕು ಎಂದೂ ಹೇಳಿದರು. ಮೂಗಿಗೆ ಬಿಡುವ ಒಂದು ಔಷಧ ಶುರುವಾಯಿತು. ಅದು ಅದೇ ಹಾರ್ಮೋನಿನ ಕೆಲಸ ಮಾಡುವಂಥದ್ದು, ಆದರೆ ಮಾಸಿನ ಆ ವಸ್ತುವಿಗೆ ಒಡೆಯಲು ಬಾರದಂಥದ್ದು.

ಆ ಜಗ್ಗನ್ನು ಅವ್ವ ನನ್ನ ಕೈಗೆ ಕೊಡಲಿಲ್ಲ. ಚೀಲದಿಂದ ಜಗ್ಗಿಗೆ ಬಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ನೋಡಿ, ತಾನೇ ನಡೆದು ಹೋಗಿ ಹೇಳಿ ಬರುತ್ತಿದ್ದಳು. ಮರುದಿನ ಮಧ್ಯಾಹ್ನ ಜಗ್ಗನ್ನು ಬೆಳಕಿಗೆ ಹಿಡಿದವಳು ಹಾಗೇ ನಿಂತಳು. ನನ್ನನ್ನು ಕರೆದಳು. "ನೋಡ, ಅರಿಷಿಣ ಬಣ್ಣ ಬಂದೈತಿ," ಎಂದಳು. ಮೂತ್ರ ಹಳದಿಯಾದದ್ದಕ್ಕೆ ಒಬ್ಬರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಪಕ್ಕದ ಮಂಚದ ಹೆಂಗಸು ಏನಾಯಿತೆಂದು ಕೇಳಿದಳು. ಅವ್ವ ಜಗ್ಗನ್ನು ಅವಳಿಗೂ ತೋರಿಸಿದಳು.

ಸಂಜೆ ಹೊತ್ತಿಗೆ ತಂಗಿ ಕೂಸನ್ನು ಕೇಳಿದಳು.

ಆಮೇಲಿನ ದಿನಗಳಲ್ಲಿ ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಓದಿದೆ. ಓದುವುದು ನನ್ನ ಅಭ್ಯಾಸ, ಕೆಲವೊಮ್ಮೆ ನಾನು ತಲೆಮರೆಸಿಕೊಳ್ಳುವ ದಾರಿ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಇನ್ನೊಂದು ಗ್ರಂಥಿಯಿದೆಯಂತೆ. ಮೈಯಲ್ಲಿ ನೀರು ಕಡಿಮೆಯಾಗಿ ರಕ್ತದ ಒತ್ತಡ ಇಳಿದರೆ ಅದು ಬೇರೊಂದು ಹಾರ್ಮೋನು ಕಳಿಸಿ ಉಪ್ಪನ್ನು ಹಿಡಿದಿಡಿಸುತ್ತದೆ, ಉಪ್ಪಿನ ಹಿಂದೆ ನೀರೂ ನಿಲ್ಲುತ್ತದೆ. ಮೈ ಎಷ್ಟು ಕಡೆಯಿಂದ ತನ್ನ ನೀರನ್ನು ಕಾಯುತ್ತದೆ. ಆದರೆ ಎಲ್ಲ ಕಾವಲೂ ಸೋತಾಗ ಉಳಿಯುವುದು ಒಂದೇ, ನೀರಡಿಕೆ. ಅದೊಂದು ಮಾತ್ರ ಮೈಯಿಂದ ಹೊರಗೆ ಬರುತ್ತದೆ, ಬಾಯಿಯ ಮೂಲಕ ಬೇರೆಯವರನ್ನು ಕೇಳುತ್ತದೆ. ತಂಗಿಯ ಮಿದುಳು, ಗ್ರಂಥಿ, ಮೂತ್ರಪಿಂಡ ಎಲ್ಲವೂ ಗಟ್ಟಿಯಾಗಿದ್ದವು. ಅವಳ ನೀರಡಿಕೆ ಸರಿಯಾದ ಮಾತನ್ನೇ ಹೇಳುತ್ತಿತ್ತು. ಅದನ್ನು ಕೇಳಬೇಕಾದವರು ನಾವು. ಹಟ ಎಂದು ಬರೆದವಳು ನಾನು.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನವೋ ಐದನೆಯ ದಿನವೋ, ಕೂಸನ್ನು ಮಲಗಿಸಿ ಅವ್ವ ವರಾಂಡದ ಬೆಂಚಿಗೆ ಬಂದು ಕೂತಳು. ನಾನು ಅವಳ ಮೇಲೆ ಸಿಟ್ಟಾಗಿದ್ದೆ. ನನ್ನ ಮೇಲೆ ಆಗಬೇಕಾದ ಸಿಟ್ಟನ್ನು ಅವಳ ಮೇಲೆ ಹಾಕುತ್ತಿದ್ದೆ ಎನ್ನುವುದು ಸರಿ. ಯಾಕಷ್ಟು ಹಟ ಹಿಡಿದೆ, ಊರಲ್ಲಿ ಬೇರೆಯವರು ಈಗ ಅಷ್ಟು ಬಿಗಿ ಮಾಡುವುದಿಲ್ಲ ಎಂದು ಕೇಳಿದೆ. ಬಹುಶಃ ಇನ್ನೂ ಕಟುವಾಗಿ ಕೇಳಿರಬೇಕು. ಅವಳು ಎದುರಿನ ಗೋಡೆ ನೋಡುತ್ತ ಹೇಳಿದಳು.

"ನನಗೊಬ್ಬಾಕಿ ಅಕ್ಕ ಇದ್ಲು. ನೇಸರಗ್ಯಾಗ, ನಮ್ಮ ತವರಮನ್ಯಾಗ ಹಡದಿದ್ಲು. ನನಗ ಒಂಬತ್ತೋ ಹತ್ತೋ. ಎಲ್ಲಾರೂ ಹೊಲಕ್ಕ ಹೋಗಿದ್ರು. ನೀರ ಕೊಡ ಅಂತ ಕೈ ಮುಗದ್ಲು. ನಾ ಒಂದ ಚರಗಿ ತುಂಬ ಕೊಟ್ಟೆ. ಮರುದಿನ ಹೋದ್ಲು."

ನಮಗೊಬ್ಬ ದೊಡ್ಡವ್ವ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅವ್ವನ ತವರಿನಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ. ಕೂಸೂ ಉಳಿಯಲಿಲ್ಲವಂತೆ. ಅವ್ವನನ್ನು ಯಾರೂ ಹೊಡೆಯಲಿಲ್ಲವಂತೆ. ಹೊಡೆದಿದ್ದರೆ ಚೆನ್ನಾಗಿತ್ತು ಎಂದಳು. ಮದುವೆಯಾಗಿ ನನ್ನನ್ನು ಹೆತ್ತಾಗ, ತಂಗಿಯನ್ನು ಹೆತ್ತಾಗ, ತಾನು ಒಂದು ಬಟ್ಟಲಿನ ಮೇಲೆ ಒಂದು ಗುಟುಕು ಕೇಳಲಿಲ್ಲ, ಕೊಟ್ಟವರ ತಲೆಯ ಮೇಲೆ ಪಾಪ ಬರಬಾರದಲ್ಲ, ಎಂದಳು. ಹೇಳಿ ಎದ್ದು ಒಳಗೆ ಹೋದಳು. ಚೀಲ ತುಂಬಿರಬಹುದೆಂದು ನೋಡಲು.

ತಂಗಿ ಗುಣವಾದಳು. ಮೂಗಿನ ಔಷಧವನ್ನು ಕಡಿಮೆ ಮಾಡುತ್ತ ಬಂದು, ಕೂಸಿಗೆ ಒಂದೂವರೆ ತಿಂಗಳಾಗುವಾಗ ನಿಲ್ಲಿಸಿದರು. ನೀರಡಿಕೆ ನಮ್ಮೆಲ್ಲರ ನೀರಡಿಕೆಯ ಅಳತೆಗೆ ಬಂತು. ಅವಳು ಸಾಲಹಳ್ಳಿಗೆ ಹೋಗುವ ಹಿಂದಿನ ದಿನ, ಹಂಡೆಯ ಸಂಗತಿ ಅವ್ವನಿಗೆ ತಿಳಿಸಿದವಳು ನಾನೇ ಎಂದು ಹೇಳಿಬಿಟ್ಟೆ. ಅವಳು ಕೂಸಿನ ಬಟ್ಟೆ ಮಡಚುತ್ತಿದ್ದಳು.

"ಗೊತ್ತೈತಿ. ಆಯಿ ಅವತ್ತ ಹೇಳ್ಯಾಳ," ಎಂದಳು. ಇನ್ನೊಂದು ಬಟ್ಟೆ ಮಡಚಿದಳು. "ಈಗ ಹೋಗಿ ಒಂದ ಚರಗಿ ನೀರ ತಂದ ಕೊಡ್ರಿ, ಪ್ರೊಫೆಸರ್‌ಬಾಯಾರ."

ತಂದುಕೊಟ್ಟೆ. ಈಗಲೂ ನಾನು ಸಾಲಹಳ್ಳಿಗೆ ಹೋದರೆ ಅವಳ ಮೊದಲ ಮಾತು ಅದೇ. ಹೊರಗಿನಿಂದ ಬಂದ ನನಗೆ ಅವಳು ನೀರು ಕೊಡುವ ಬದಲು ನನ್ನಿಂದಲೇ ನೀರು ತರಿಸುತ್ತಾಳೆ, ಅರ್ಧ ಕುಡಿದು ಅರ್ಧ ನನಗೆ ಕೊಡುತ್ತಾಳೆ. ಅವಳ ಅತ್ತೆಗೆ ಇದು ಯಾಕೆಂದು ಗೊತ್ತಿಲ್ಲ. ಅವರು ಇದನ್ನು ಅಕ್ಕತಂಗಿಯರ ಆಟ ಎಂದುಕೊಂಡಿದ್ದಾರೆ. ಅದು ಕ್ಷಮೆಯೋ ದಂಡವೋ ನನಗೂ ಗೊತ್ತಿಲ್ಲ. ಅವಳ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ.

ಅವ್ವನ ಬಗ್ಗೆ ನಾನು ಯೋಚಿಸುವುದು ಬೇರೆ. ದೊಡ್ಡವ್ವ ಹೋದದ್ದು ಹೆರಿಗೆಯ ನಂಜಿನಿಂದ ಇರಬೇಕು. ಜ್ವರ ಏರಿತ್ತೇ ಎಂದು ಕೇಳಿದೆ. ಮೈ ಕೆಂಡದಂತೆ ಸುಡುತ್ತಿತ್ತು, ಎರಡು ದಿನ ಮೊದಲೇ, ಎಂದಳು. ಹಾಗಾದರೆ ಆ ನೀರಡಿಕೆ ಜ್ವರದ್ದು. ಅವಳು ಸಾಯುತ್ತಿದ್ದಳು, ಅದಕ್ಕೇ ನೀರು ಕೇಳಿದಳು. ನೀರು ಕುಡಿದದ್ದಕ್ಕೆ ಸಾಯಲಿಲ್ಲ. ಇದನ್ನು ನಾನು ಅವ್ವನಿಗೆ ಬಿಡಿಸಿ ಹೇಳಿದೆ, ಆ ಡಾಕ್ಟರ್‌ಬಾಯಿ ಹೇಳಿದಷ್ಟೇ ಸಾವಕಾಶ. ಬಹುಶಃ ಆ ಒಂದು ಚರಗಿಯೇ ಅವಳಿಗೆ ಆ ದಿನಗಳಲ್ಲಿ ಸಿಕ್ಕ ಒಂದೇ ಸುಖ ಎಂದೂ ಹೇಳಿದೆ. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಪೂರ್ತಿ ಕೇಳಿದಳು. ಅರವತ್ತು ದಾಟಿದವಳಿಗೆ, ಐವತ್ತು ವರ್ಷಕ್ಕೂ ಹಿಂದಿನ ಒಂದು ಚರಗಿಯನ್ನು ಮಾತಿನಿಂದ ಇಳಿಸುತ್ತೇನೆಂದು ನಾನು ಹೊರಟದ್ದೂ ಸರಿಯೋ ತಪ್ಪೋ.

ಆದರೂ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಒಂಬತ್ತು ವರ್ಷದ ಹುಡುಗಿಗೆ ನೀರಿಗೂ ಸಾವಿಗೂ ನಂಟು ತಾನಾಗಿ ತಿಳಿಯುವುದಿಲ್ಲ. ಮನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲವೆಂದು ಅವಳೇ ಹೇಳುತ್ತಾಳೆ. ಚರಗಿ ಕೊಟ್ಟದ್ದನ್ನು ಅವಳು ಯಾರಿಗೋ ಹೇಳಿರಬೇಕು, ಅವರು ಅವಳಿಗೆ ಏನನ್ನೋ ಹೇಳಿರಬೇಕು. ಈ ವರ್ಷ ಯುಗಾದಿಗೆ ಹೋದಾಗ ಒಮ್ಮೆ, ಮೊನ್ನೆ ಶನಿವಾರ ಇನ್ನೊಮ್ಮೆ ಕೇಳಿದೆ. ಮೊದಲ ಸಲ ಅವಳು ಎದ್ದು ಹಿತ್ತಲಿಗೆ ಹೋದಳು. ಮೊನ್ನೆ ಎದ್ದು ಹೋಗಲಿಲ್ಲ. ಜೋಳ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, ನನ್ನ ಮುಖವನ್ನು ನೋಡಿದಳು, ಏನೋ ಹೇಳಲು ಹೊರಟವಳ ಹಾಗೆ ಬಾಯಿ ತೆರೆದಳು, ಮತ್ತೆ ಮೊರ ಎತ್ತಿಕೊಂಡಳು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಆಕಿ ಹೋಗಿದ್ದು ನೀ ಕೊಟ್ಟ ನೀರಿಂದ ಅಂತ ನಿನಗ ಮೊದಲ ಹೇಳಿದವ್ರು ಯಾರು?"